ಸಡಿಲವಾಗುವ ಸೈಲೆನ್ಸರ್: ಎರಡು ಬೋಲ್ಟುಗಳು ಕಲಿಸುವ ಪಾಠ

ಸಣ್ಣ ಎಂಜಿನ್‌ಗಳನ್ನು ತಯಾರಿಸುವ, ಜೋಡಿಸುವ ಹಾಗೂ ಮಾರುವ ಉದ್ಯಮಿಗಳಿಗೆ ಸೈಲೆನ್ಸರ್ ಸಡಿಲವಾಯಿತೆಂಬ ದೂರು ಹೊಸದೇನಲ್ಲ. ಕೆಲವೇ ರೂಪಾಯಿ ಬೆಲೆಯ ಎರಡು ಬೋಲ್ಟುಗಳು ಬಿಗಿ ಕಳೆದುಕೊಂಡರೆ ಸಾವಿರಾರು ರೂಪಾಯಿಯ ಯಂತ್ರ ದುರಸ್ತಿಗೆ ಮರಳುತ್ತದೆ. ವಾರಂಟಿಯ ಅವಧಿಯಲ್ಲಾದರೆ ಆ ವೆಚ್ಚವೂ ಮಾರಿದವರದೇ, ಕೆಡುವ ಹೆಸರೂ ಅವರದೇ. ಈ ತೊಂದರೆಯನ್ನು ಅದರ ಅತ್ಯಂತ ಕಠಿಣ ರೂಪದಲ್ಲಿ ಎದುರಿಸಿದವರು ಎಂಜಿನ್ ಚಾಲಿತ ಮಾದರಿ ಹೆಲಿಕಾಪ್ಟರ್‌ಗಳನ್ನು ಹಾರಿಸುವ ಹವ್ಯಾಸಿಗಳು. ಅವರ ಅನುಭವದಲ್ಲಿ ಸಣ್ಣ ಕೈಗಾರಿಕೆಗಳು ಕಲಿಯಬೇಕಾದುದು ಸಾಕಷ್ಟಿದೆ.

ಅಂಗೈಯಗಲದ ಎಂಜಿನ್

ರೇಡಿಯೊ ನಿಯಂತ್ರಿತ ಹೆಲಿಕಾಪ್ಟರನ್ನು ನಂಬಿಕೆಗೆ ಅರ್ಹವಾಗಿ ಹಾರಿಸುವಲ್ಲಿ ಜರ್ಮನಿಯ ಡೀಟರ್ ಶ್ಲ್ಯೂಟರ್ 1970ರ ಸುಮಾರಿಗೆ ಯಶಸ್ಸು ಕಂಡರು. ಆ ಬಳಿಕ ಹಲವು ದಶಕಗಳ ಕಾಲ ಇವುಗಳಿಗೆ ಶಕ್ತಿ ನೀಡಿದ್ದು ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆಯ ಮಿಶ್ರಣದಿಂದ ಓಡುವ ಎರಡು ಸ್ಟ್ರೋಕಿನ ಎಂಜಿನ್‌ಗಳು. ಈಗ ಬ್ಯಾಟರಿಯ ಮಾದರಿಗಳೇ ಹೆಚ್ಚಾಗಿದ್ದರೂ ಎಂಜಿನ್ ಮಾದರಿಗಳನ್ನು ಮೆಚ್ಚುವವರು ಇನ್ನೂ ಇದ್ದಾರೆ.

ಇಂತಹ ಎಂಜಿನ್ ಒಂದರ ಗಾತ್ರ ಸುಮಾರು 8 ಸಿಸಿ. ವೇಗ ನಿಮಿಷಕ್ಕೆ ಸುಮಾರು 16,000 ಸುತ್ತು. ಪ್ರತಿ ಸುತ್ತಿಗೂ ಒಂದು ಸ್ಫೋಟವೆಂದರೆ ಹತ್ತು ನಿಮಿಷದ ಹಾರಾಟದಲ್ಲಿ 1,60,000 ಹೊಡೆತಗಳು. ಮಾದರಿ ವಿಮಾನದಲ್ಲಿ ಆಗಾಗ್ಗೆ ವೇಗ ತಗ್ಗುತ್ತದೆ. ಹೆಲಿಕಾಪ್ಟರಿನಲ್ಲಿ ರೆಕ್ಕೆಯ ವೇಗವನ್ನು ಒಂದೇ ಮಟ್ಟದಲ್ಲಿ ಕಾಯಬೇಕಾದುದರಿಂದ ಎಂಜಿನ್ನಿಗೆ ಬಿಡುವಿಲ್ಲ. ಸೈಲೆನ್ಸರ್ ಎಂಜಿನ್ನಿನ ಪಕ್ಕಕ್ಕೆ ಚಾಚಿಕೊಂಡು ಸಾಮಾನ್ಯವಾಗಿ ಎರಡು ಸಣ್ಣ ಬೋಲ್ಟುಗಳ ಆಸರೆಯಲ್ಲಿ ನಿಂತಿರುತ್ತದೆ.

ಅದು ಸಡಿಲವಾದರೆ ಆಗುವ ಹಾನಿ ಶಬ್ದಕ್ಕೆ ಸೀಮಿತವಲ್ಲ. ಈ ಎಂಜಿನ್‌ಗಳಲ್ಲಿ ಸೈಲೆನ್ಸರಿನ ಒತ್ತಡವನ್ನೇ ಸಣ್ಣ ಕೊಳವೆಯ ಮೂಲಕ ಇಂಧನದ ಟ್ಯಾಂಕಿಗೆ ನೀಡುವ ಪದ್ಧತಿಯಿದೆ. ಜೋಡಣೆಯಲ್ಲಿ ಸೋರಿಕೆಯಾದೊಡನೆ ಟ್ಯಾಂಕಿನ ಒತ್ತಡ ಇಳಿಯುತ್ತದೆ, ಇಂಧನದ ಪೂರೈಕೆ ಕಡಿಮೆಯಾಗುತ್ತದೆ. ಇಂಧನದಲ್ಲೇ ಎಣ್ಣೆ ಬೆರೆತಿರುವುದರಿಂದ ಎಣ್ಣೆಯೂ ಕಡಿಮೆಯಾಗುತ್ತದೆ. ಎಂಜಿನ್ ಮಿತಿಮೀರಿ ಕಾದು ಪಿಸ್ಟನ್ ಮತ್ತು ಸಿಲಿಂಡರ್ ಹಾಳಾಗುತ್ತವೆ. ಇಲ್ಲವೇ ಎಂಜಿನ್ ಆಕಾಶದಲ್ಲೇ ನಿಂತುಹೋಗುತ್ತದೆ.

ಬಿಗಿ ಕಳೆಯುವುದೇಕೆ?

ಬೋಲ್ಟನ್ನು ಬಿಗಿದಾಗ ಅದು ಅತ್ಯಲ್ಪವಾಗಿ ಹಿಗ್ಗುತ್ತದೆ. ಹಿಗ್ಗಿದ ಬೋಲ್ಟು ಮರಳಿ ಕುಗ್ಗಲು ಎಳೆಯುವ ಬಲವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಈ ಒತ್ತುಬಲವನ್ನು ಕಳೆಯುವ ಕಾರಣಗಳು ಮುಖ್ಯವಾಗಿ ಮೂರು.

ಮೊದಲನೆಯದು ಅಡ್ಡ ಕಂಪನ. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಸಂಶೋಧನೆ ಇಲ್ಲಿ ಮಹತ್ವದ್ದು. ಬೋಲ್ಟಿನ ಉದ್ದಕ್ಕೆ ಬೀಳುವ ಕಂಪನಕ್ಕಿಂತ ಅದಕ್ಕೆ ಅಡ್ಡಲಾಗಿ ಭಾಗಗಳು ಒಂದರ ಮೇಲೊಂದು ಜಾರುವ ಚಲನೆ ಹೆಚ್ಚು ಅಪಾಯಕಾರಿ ಎಂದು ಅವರು ತೋರಿಸಿದರು. ಹಾಗೆ ಜಾರುವ ಕ್ಷಣದಲ್ಲಿ ಥ್ರೆಡ್‌ನ ಘರ್ಷಣೆಯ ಹಿಡಿತ ತಪ್ಪಿ ಬೋಲ್ಟು ತಾನಾಗಿ ಹಿಂದಕ್ಕೆ ತಿರುಗತೊಡಗುತ್ತದೆ. ಒತ್ತುಬಲ ಸಾಕಷ್ಟಿದ್ದು ಭಾಗಗಳು ಜಾರದಿದ್ದರೆ ಬೋಲ್ಟು ತಿರುಗುವ ಪ್ರಶ್ನೆಯೇ ಏಳದು.

ಎರಡನೆಯದು ಮೇಲ್ಮೈಯ ಉಬ್ಬುತಗ್ಗುಗಳು. ಎಷ್ಟೇ ನುಣುಪಾಗಿ ಕಂಡರೂ ಲೋಹದ ಮೇಲ್ಮೈಯಲ್ಲಿ ಸೂಕ್ಷ್ಮ ಏರಿಳಿತಗಳಿರುತ್ತವೆ. ಬಳಕೆಯಲ್ಲಿ ಅವು ಚಪ್ಪಟೆಯಾಗುತ್ತವೆ. ಉಕ್ಕಿನ ಬೋಲ್ಟಿನ ಹಿಡಿತದ ಉದ್ದ 8 ಮಿ.ಮೀ. ಇದ್ದು, ಅದರಲ್ಲಿ ಪ್ರತಿ ಚದರ ಮಿ.ಮೀ.ಗೆ 400 ನ್ಯೂಟನ್ ಎಳೆತವಿದ್ದರೆ ಅದು ಹಿಗ್ಗುವುದು ಸುಮಾರು 16 ಮೈಕ್ರಾನ್ ಮಾತ್ರ. ಮೇಲ್ಮೈ 5 ಮೈಕ್ರಾನ್ ಕುಸಿದರೆ ಬಿಗಿಯ ಮೂರನೇ ಒಂದು ಭಾಗದಷ್ಟು ಹೋದಂತೆಯೇ. ಅದೇ ಹಿಡಿತದ ಉದ್ದ 32 ಮಿ.ಮೀ. ಆಗಿದ್ದರೆ ನಷ್ಟ ಶೇ. 8ರಷ್ಟು ಮಾತ್ರ. ಉದ್ದನೆಯ ಬೋಲ್ಟು ಹೆಚ್ಚು ಕಾಲ ಬಿಗಿಯಾಗಿರುವುದರ ಗುಟ್ಟು ಇದು.

ಮೂರನೆಯದು ಶಾಖ. ಕಾದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಅಲ್ಯೂಮಿನಿಯಂ ಸೈಲೆನ್ಸರನ್ನು ಉಕ್ಕಿನ ಬೋಲ್ಟಿನಿಂದ ಬಿಗಿದಿದ್ದರೆ ಎಂಜಿನ್ ಬಿಸಿಯೇರಿದಾಗ ಬಿಗಿ ಮತ್ತಷ್ಟು ಹೆಚ್ಚಿ, ಬೋಲ್ಟಿನ ತಲೆಯ ಕೆಳಗಿನ ಮೃದು ಲೋಹ ನಲುಗುತ್ತದೆ. ಎಂಜಿನ್ ತಣ್ಣಗಾದಾಗ ಮೊದಲಿದ್ದ ಬಿಗಿ ಉಳಿದಿರುವುದಿಲ್ಲ.

ತಪ್ಪು ನಂಬಿಕೆಗಳು

ಸ್ಪ್ರಿಂಗ್ ವಾಷರ್ ಹಾಕಿದರೆ ಸಾಕೆಂಬ ಭಾವನೆ ವ್ಯಾಪಕವಾಗಿದೆ. ಅದನ್ನು ಚಪ್ಪಟೆ ಮಾಡಲು ಬೇಕಾಗುವ ಬಲ ಸರಿಯಾಗಿ ಬಿಗಿದ ಬೋಲ್ಟಿನ ಬಲದ ಮುಂದೆ ಅತ್ಯಲ್ಪ. ಒಮ್ಮೆ ಚಪ್ಪಟೆಯಾದ ಮೇಲೆ ಅದು ಸಾಧಾರಣ ವಾಷರಿನಂತೆಯೇ ವರ್ತಿಸುತ್ತದೆ. ಅಡ್ಡ ಕಂಪನದ ಪರೀಕ್ಷೆಯಲ್ಲಿ ಅದರಿಂದ ಹೇಳಿಕೊಳ್ಳುವಂತಹ ರಕ್ಷಣೆ ದೊರೆಯುವುದಿಲ್ಲ. ನೈಲಾನ್ ಸೇರಿಸಿದ ನಟ್ಟು ಕಂಪನಕ್ಕೆ ಒಳ್ಳೆಯದಾದರೂ ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಪಯೋಗಕ್ಕೆ ಬಾರದು. ಹೊಗೆ ಹೊರಬರುವ ಸ್ಥಳದಲ್ಲಿ ಪೂರ್ತಿ ಲೋಹದ ಲಾಕ್ ನಟ್ಟು ಅಥವಾ ಬೆಣೆಯಾಕಾರದ ಹಲ್ಲುಗಳುಳ್ಳ ಜೋಡಿ ವಾಷರ್ ಸೂಕ್ತ.

ಬಲವಾಗಿ ತಿರುಗಿಸುವುದೇ ಪರಿಹಾರವೆಂಬುದೂ ಸರಿಯಲ್ಲ. ಸ್ಪ್ಯಾನರಿಗೆ ಹಾಕುವ ಶ್ರಮದ ಸುಮಾರು ಹತ್ತನೇ ಒಂದು ಭಾಗ ಮಾತ್ರ ಒತ್ತುಬಲವಾಗುತ್ತದೆ. ಉಳಿದುದೆಲ್ಲ ಘರ್ಷಣೆಗೆ ವ್ಯಯವಾಗುತ್ತದೆ. ಥ್ರೆಡ್ ಕೊಳೆಯಾಗಿದ್ದರೆ ಕೈಗೆ ಬಿಗಿಯೆನಿಸಿದರೂ ಬೋಲ್ಟು ಹಿಗ್ಗಿರುವುದಿಲ್ಲ. ಮಿತಿಮೀರಿದರೆ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತುಬರುತ್ತದೆ.

ಇನ್ನು ಥ್ರೆಡ್ ಲಾಕ್ ಅಂಟಿನ ವಿಚಾರ. ಗಾಳಿಯ ಸಂಪರ್ಕ ತಪ್ಪಿ ಲೋಹದ ನಡುವೆ ಸೇರಿದಾಗ ಮಾತ್ರ ಗಟ್ಟಿಯಾಗುವ ಈ ಅಂಟನ್ನು ಅಮೆರಿಕದ ರಸಾಯನಶಾಸ್ತ್ರ ಪ್ರಾಧ್ಯಾಪಕ ವರ್ನನ್ ಕ್ರೀಬಲ್ 1953ರಲ್ಲಿ ಬಳಕೆಗೆ ಯೋಗ್ಯವಾಗಿಸಿದರು. ಅದೇ ಮುಂದೆ ಲಾಕ್‌ಟೈಟ್ ಎಂದು ಪ್ರಸಿದ್ಧವಾಯಿತು. ಸಾಧಾರಣ ದರ್ಜೆಯವು 150ರಿಂದ 180 ಡಿಗ್ರಿಯವರೆಗೆ, ಹೆಚ್ಚು ಶಾಖ ತಾಳುವ ದರ್ಜೆಯವು ಸುಮಾರು 230 ಡಿಗ್ರಿಯವರೆಗೆ ಹಿಡಿತ ಉಳಿಸಿಕೊಳ್ಳುತ್ತವೆ. ಎಣ್ಣೆಯ ಪಸೆಯಿದ್ದರೆ ಅಂಟು ಸರಿಯಾಗಿ ಹಿಡಿಯದು. ಸ್ಟೇನ್‌ಲೆಸ್ ಉಕ್ಕು ಹಾಗೂ ಸತು ಲೇಪಿತ ಬೋಲ್ಟುಗಳ ಮೇಲೆ ಅದು ನಿಧಾನವಾಗಿ ಗಟ್ಟಿಯಾಗುವುದರಿಂದ ಪ್ರೈಮರ್ ಬೇಕಾಗಬಹುದು.

ಕೆಲಸದ ಕ್ರಮ

1. ಸೈಲೆನ್ಸರ್ ಮತ್ತು ಎಂಜಿನ್ ಕೂಡುವ ಮುಖಗಳ ಎಣ್ಣೆ, ಮಸಿ ಹಾಗೂ ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ತೆಗೆಯಬೇಕು. ಸಮತಟ್ಟಾದ ದಪ್ಪ ಗಾಜಿನ ಮೇಲೆ ಎಮರಿ ಕಾಗದವಿಟ್ಟು ಸೈಲೆನ್ಸರಿನ ಮುಖವನ್ನು ತಿಕ್ಕಿದರೆ ಅಂಕುಡೊಂಕು ಗೋಚರವಾಗುತ್ತದೆ. ಮುಖವೆಲ್ಲ ಒಂದೇ ಬಣ್ಣಕ್ಕೆ ಬರುವವರೆಗೆ ತಿಕ್ಕಬೇಕು.

2. ಅಲ್ಯೂಮಿನಿಯಂನೊಳಗೆ ಬೋಲ್ಟು ತನ್ನ ವ್ಯಾಸದ ಒಂದೂವರೆಯಿಂದ ಎರಡರಷ್ಟು ಆಳ ಹಿಡಿದಿರಬೇಕು. ಸವೆದ ಥ್ರೆಡ್ಡಿಗೆ ಉಕ್ಕಿನ ಸುರುಳಿ ಕೂರಿಸುವುದು ಲೇಸು.

3. ಮೊದಲು ಅಂಟಿಲ್ಲದೆ ಎರಡೂ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ, ಒಂದಾದ ಮೇಲೊಂದರಂತೆ, ತಯಾರಕರು ಸೂಚಿಸಿದ ಟಾರ್ಕಿಗೆ ಬಿಗಿಯಬೇಕು. ಎಂಜಿನ್ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಬಿಗಿಯಬೇಕು.

4. ಬಿಗಿ ನೆಲೆಗೊಂಡ ಬಳಿಕ ಒಂದೊಂದೇ ಬೋಲ್ಟನ್ನು ತೆಗೆದು, ಥ್ರೆಡ್ಡಿನ ಎಣ್ಣೆ ತೊಳೆದು, ಶಾಖ ತಾಳುವ ಅಂಟು ಹಚ್ಚಿ ಅದೇ ಟಾರ್ಕಿಗೆ ಬಿಗಿದು ಒಂದು ದಿನ ಬಿಡಬೇಕು. ಗಟ್ಟಿಯಾದ ಅಂಟಿನ ಬೋಲ್ಟನ್ನು ಮತ್ತೆ ತಿರುಗಿಸಿದರೆ ಹಿಡಿತ ಮುರಿಯುವುದರಿಂದ ಈ ಕ್ರಮ ಅಗತ್ಯ.

5. ಬೋಲ್ಟಿನ ತಲೆಯಿಂದ ಸೈಲೆನ್ಸರಿನ ಮೇಲಕ್ಕೆ ಬಣ್ಣದ ಒಂದು ಗೆರೆ ಎಳೆಯಬೇಕು. ಗೆರೆ ತುಂಡಾಗಿ ಕಂಡರೆ ಬೋಲ್ಟು ತಿರುಗಿದೆ ಎಂದರ್ಥ. ಜೋಡಣೆಯ ಅಂಚಿನಲ್ಲಿ ಎಣ್ಣೆಯ ಕಪ್ಪು ಕಲೆ ಕಾಣಿಸಿದರೆ ಸೋರಿಕೆ ಆರಂಭವಾಗಿದೆ ಎಂದು ತಿಳಿಯಬೇಕು.

ನಮ್ಮ ಉದ್ಯಮಗಳಿಗೆ ಅನ್ವಯ

ಕರ್ನಾಟಕಕ್ಕೆ ಎರಡು ಸ್ಟ್ರೋಕಿನ ಎಂಜಿನ್ ಅಪರಿಚಿತವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಇಂತಹ ಎಂಜಿನ್ನಿನ ಮೋಟಾರ್ ಸೈಕಲ್‌ಗಳನ್ನು ತಯಾರಿಸಿತು. ಇಂದು ಮಲೆನಾಡಿನ ಅಡಿಕೆ ತೋಟಗಳಲ್ಲಿ ಕಳೆ ಕತ್ತರಿಸುವ ಯಂತ್ರಗಳೂ ಔಷಧಿ ಸಿಂಪಡಿಸುವ ಪಂಪುಗಳೂ ಸಣ್ಣ ಎಂಜಿನ್ನಿನಿಂದ ಓಡುತ್ತಿವೆ. ಅವುಗಳಲ್ಲಿಯೂ ಅಲ್ಯೂಮಿನಿಯಂ ಸಿಲಿಂಡರಿಗೆ ಸೈಲೆನ್ಸರನ್ನು ಹಿಡಿದಿರುವುದು ಕೆಲವೇ ಬೋಲ್ಟುಗಳು. ಯಂತ್ರ ಬೆನ್ನ ಮೇಲೋ ಹೆಗಲ ಮೇಲೋ ಇರುವಾಗ ಬಿಸಿ ಸೈಲೆನ್ಸರ್ ಕಳಚುವುದು ದುಡಿಯುವವನ ಮೈಸುಡುವ ಅಪಾಯ. ಒಣಹುಲ್ಲಿದ್ದಲ್ಲಿ ಬೆಂಕಿಯ ಅಪಾಯ.

ತಯಾರಕರು ವಿನ್ಯಾಸದ ಹಂತದಲ್ಲೇ ಬೋಲ್ಟಿನ ಹಿಡಿತದ ಉದ್ದವನ್ನು ಹೆಚ್ಚಿಸಬಹುದು. ಬೋಲ್ಟಿನ ತಲೆಯ ಕೆಳಗೆ ಉಕ್ಕಿನ ತೋಳನ್ನು ಕೊಡುವುದು ಇದಕ್ಕೆ ಸುಲಭವಾದ ದಾರಿ. ಸೈಲೆನ್ಸರಿನ ಹೊರ ತುದಿಗೆ ಇನ್ನೊಂದು ಆಸರೆ ಕೊಟ್ಟರೆ ಅಡ್ಡ ಕಂಪನ ತಗ್ಗುತ್ತದೆ. ಆದರೆ ಆ ಆಸರೆ ಸೈಲೆನ್ಸರನ್ನು ಪಕ್ಕಕ್ಕೆ ಎಳೆಯುವಂತಿರಬಾರದು.

ವ್ಯಾಪಾರಿಗಳು ಬೋಲ್ಟಿನ ತಲೆಯ ಮೇಲಿನ 8.8, 10.9, 12.9 ಎಂಬ ಗುರುತುಗಳನ್ನು ಅರಿತು ಮಾರಬೇಕು. 8.8 ಎಂದರೆ ಪ್ರತಿ ಚದರ ಮಿ.ಮೀ.ಗೆ ಸುಮಾರು 800 ನ್ಯೂಟನ್ ಬಲಕ್ಕೆ ತುಂಡಾಗುವ, ಅದರ ಶೇ. 80ರಷ್ಟಕ್ಕೆ ಶಾಶ್ವತವಾಗಿ ಹಿಗ್ಗುವ ಉಕ್ಕು. ಗುರುತಿಲ್ಲದ ಬೋಲ್ಟನ್ನು ಅದರ ಬದಲಿಗೆ ಕೊಟ್ಟರೆ ಸೂಚಿಸಿದ ಟಾರ್ಕಿಗೆ ಅರ್ಥವೇ ಉಳಿಯದು. ಅಂಟಿನ ಬಾಟಲಿಯಲ್ಲಿ ಗಾಳಿಗೆಂದೇ ಜಾಗ ಬಿಟ್ಟಿರುತ್ತಾರೆ. ಅದನ್ನು ಲೋಹದ ಡಬ್ಬಿಗೆ ಸುರಿದಿಡಬಾರದು.

ಜೋಡಣೆಯ ಮೇಜಿನ ಮೇಲೆ ಒಂದು ಟಾರ್ಕ್ ರೆಂಚ್, ಎಣ್ಣೆ ತೊಳೆಯುವ ದ್ರಾವಣ, ಗೆರೆ ಎಳೆಯಲು ಬಣ್ಣ: ಇವಿಷ್ಟಕ್ಕೆ ತಗಲುವ ವೆಚ್ಚ ಹೆಚ್ಚಿನದಲ್ಲ. ಮೊದಲ ಸರ್ವಿಸ್‌ನ ಪಟ್ಟಿಯಲ್ಲಿ ‘ತಣ್ಣಗಿರುವಾಗ ಸೈಲೆನ್ಸರ್ ಬೋಲ್ಟು ಪರೀಕ್ಷೆ’ ಎಂಬ ಒಂದು ಸಾಲನ್ನು ಸೇರಿಸಲು ವೆಚ್ಚವೇ ಇಲ್ಲ. ದೂರು ಬಂದ ಮೇಲೆ ಹೊಸ ಬೋಲ್ಟು ಕಳುಹಿಸುವುದಕ್ಕಿಂತ ಇದು ಲಾಭದಾಯಕವಾದ ವ್ಯವಹಾರ.