ಹೊಸ ಮನೆಗೆ ಬಂದ ವಾರಕ್ಕೇ ಅಕ್ವೇರಿಯಂ ಮೀನು ಸತ್ತರೆ ದೃಷ್ಟಿ ಕಳೆಯಿತೇ?

ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಕೆ.ಆರ್.ಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ ಕಟ್ಟಿಸಿದ ಹೊಸ ಮನೆಗೆ ಹೊರಟಿರುವ ಓದುಗರೊಬ್ಬರು ನಮಗೆ ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಅವರ ಬಳಿ 60 ಲೀಟರಿನ ಸಣ್ಣ ಉಪ್ಪುನೀರಿನ ಅಕ್ವೇರಿಯಂ ಇದೆ. ಅದರಲ್ಲಿ ಮಕ್ಕಳು ‘ನೀಮೊ’ ಎಂದು ಕರೆಯುವ ಎರಡು ಕ್ಲೌನ್ ಮೀನುಗಳಿವೆ.

ಫಾರ್ವರ್ಡ್‌ನಲ್ಲಿ ಇರುವುದು ಇಷ್ಟು: ‘ತೊಟ್ಟಿಯ ಹಳೆಯ ನೀರನ್ನು ಒಂದು ಹನಿಯೂ ಚೆಲ್ಲದೆ ಒಯ್ಯಿರಿ, ಒಳ್ಳೆಯ ಬ್ಯಾಕ್ಟೀರಿಯಾ ಅದರಲ್ಲೇ ಇರುತ್ತವೆ. ಕಲ್ಲು, ಮರಳು, ಫಿಲ್ಟರ್ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ. ನೀರು ಸಾಲದಿದ್ದರೆ ಬೋರ್ ನೀರಿಗೆ ಕಲ್ಲುಪ್ಪು ಬೆರೆಸಿ. ಹೊಸ ಮನೆಯಲ್ಲಿ ಮೀನು ಸತ್ತರೆ ಹೆದರಬೇಡಿ, ಮನೆಗೆ ತಾಗಿದ ದೃಷ್ಟಿಯನ್ನು ಅದು ಹೊತ್ತುಕೊಂಡು ಹೋಯಿತು.’

ಕೊನೆಯ ಸಾಲು ಯಾಕೆ ಹುಟ್ಟಿತು ಎಂದು ಊಹಿಸುವುದು ಕಷ್ಟವಲ್ಲ. ಮೊದಲ ಮೂರು ಸಲಹೆ ಪಾಲಿಸಿದವರ ಮೀನು ಸಾಮಾನ್ಯವಾಗಿ ವಾರದೊಳಗೆ ಸಾಯುತ್ತದೆ. ಸಾವಿಗೆ ಕಾರಣ ದೃಷ್ಟಿಯಲ್ಲ, ಅಮೋನಿಯಾ.

ಮೀನು ಕಿವಿರಿನಿಂದ ಸದಾ ಅಮೋನಿಯಾ ಹೊರಬಿಡುತ್ತದೆ. ತಿನ್ನದೆ ಬಿಟ್ಟ ಆಹಾರ ಕೊಳೆತಾಗಲೂ ಅದೇ ಬರುತ್ತದೆ. ತೊಟ್ಟಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್‌ನಿಂದ ಅಷ್ಟು ಅಪಾಯವಿಲ್ಲ. ಕೆ.ಆರ್.ಪೇಟೆ ಕಡೆಯ ರೈತರಿಗೆ ಇದು ಹೊಸ ವಿಷಯವೇನಲ್ಲ. ಕಬ್ಬಿನ ಗದ್ದೆಗೆ ಎರಚಿದ ಯೂರಿಯಾ ಮಣ್ಣಿನಲ್ಲಿ ಅಮೋನಿಯಾ ಆಗಿ, ಆಮೇಲೆ ನೈಟ್ರೇಟ್ ಆಗಿ ಬೇರಿಗೆ ಸಿಗುವುದೂ ಇಂಥ ಬ್ಯಾಕ್ಟೀರಿಯಾಗಳ ಕೆಲಸದಿಂದಲೇ. 1890ರ ಸುಮಾರಿಗೆ ಇವನ್ನು ಮೊದಲು ಬೇರ್ಪಡಿಸಿ ತೋರಿಸಿದವರು ರಷ್ಯಾದ ವಿಜ್ಞಾನಿ ಸರ್ಗೆಯ್ ವಿನೊಗ್ರಾಡ್‌ಸ್ಕಿ.

ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಿಕೊಂಡಿರುವುದು ಬಹಳ ಕಡಿಮೆ. ಅವು ಕಲ್ಲಿನ ರಂಧ್ರಗಳಿಗೆ, ಮರಳಿಗೆ, ಫಿಲ್ಟರಿನ ಸ್ಪಂಜಿಗೆ ಅಂಟಿಕೊಂಡು ಬದುಕುತ್ತವೆ. ಅಂದರೆ ಫಾರ್ವರ್ಡ್ ಯಾವುದನ್ನು ತೊಳೆದು ಒಣಗಿಸಿ ಎನ್ನುತ್ತದೆಯೋ ಅದನ್ನೇ ಜೀವಂತವಾಗಿ ಒಯ್ಯಬೇಕು. ಬೇರೆ ಬ್ಯಾಕ್ಟೀರಿಯಾಗಳ ಹಾಗೆ ಇವು ಇಪ್ಪತ್ತು ನಿಮಿಷಕ್ಕೆ ಇಮ್ಮಡಿ ಆಗುವುದಿಲ್ಲ. ಮೊದಲಿನಿಂದ ಬೆಳೆಸಬೇಕೆಂದರೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ದಿನ ಮೀನು ಕಾಯಲಾರದು. ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಮೇಲಿರುತ್ತದೆ, ಅಂಥ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ಜೋರು.

ಆದ್ದರಿಂದ ಕಲ್ಲು ಮತ್ತು ಸ್ಪಂಜನ್ನು ತೊಟ್ಟಿಯದೇ ನೀರು ತುಂಬಿದ ಬಕೆಟ್‌ನಲ್ಲಿ ಮುಳುಗಿಸಿ ಒಯ್ಯಿರಿ. ನಾಲ್ಕೈದು ತಾಸಿನ ದಾರಿಯಾದರೆ ಕಲ್ಲನ್ನು ಆ ನೀರಿನಲ್ಲಿ ನೆನೆಸಿದ ಬಟ್ಟೆಯಲ್ಲಿ ಸುತ್ತಿದರೂ ನಡೆಯುತ್ತದೆ, ಒಣಗದಿದ್ದರಾಯಿತು. ಮರಳಿನ ವಿಷಯದಲ್ಲಿ ಮಾತ್ರ ಫಾರ್ವರ್ಡ್ ಅರ್ಧ ಸರಿ. ವರ್ಷಗಟ್ಟಲೆ ಕದಡದ ಮರಳಿನ ತಳದಲ್ಲಿ ಕೊಳಕು ಕೂತಿರುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಇರಬಹುದು. ಅದನ್ನು ಹಾಗೇ ಸುರಿದರೆ ಮೀನಿಗೆ ಕೇಡು. ಉಪ್ಪುನೀರಿನಲ್ಲೇ ಜಾಲಾಡಿಸಿ ಹಾಕಿ, ಇಲ್ಲವೇ ಹೊಸ ಮರಳು ತನ್ನಿ.

ಹಳೆಯ ನೀರು ಅರ್ಧ ತಂದರೆ ಸಾಕು. 60 ಲೀಟರ್ ಎಂದರೆ 60 ಕಿಲೋಗಿಂತ ಹೆಚ್ಚು ಭಾರ ಎನ್ನುವುದೂ ನೆನಪಿರಲಿ. ಗಾಜಿನ ತೊಟ್ಟಿಯಲ್ಲೇ ನೀರಿಟ್ಟು ಎತ್ತಿದರೆ ಅಂಟು ಬಿಡುತ್ತದೆ.

ಉಳಿದರ್ಧಕ್ಕೆ ಕಲ್ಲುಪ್ಪು ಯಾಕೆ ಬೇಡ? ಅದೂ ಸಮುದ್ರದಿಂದಲೇ ಬಂದದ್ದಲ್ಲವೇ? ಬಂದದ್ದೇನೋ ಹೌದು. ಆದರೆ ಗೋಕರ್ಣದ ಬಳಿಯ ಸಾಣಿಕಟ್ಟಾದಂಥ ಉಪ್ಪಿನಾಗರದಲ್ಲಿ ನೀರು ಇಂಗುತ್ತಾ ಹೋದಂತೆ ಹರಳುಗಟ್ಟುವುದು ಮುಖ್ಯವಾಗಿ ಸೋಡಿಯಂ ಕ್ಲೋರೈಡ್. ಮೆಗ್ನೀಸಿಯಂನಂಥ ಅಂಶಗಳು ಬಹುಪಾಲು ಕೊನೆಯಲ್ಲಿ ಉಳಿಯುವ ಕಹಿ ನೀರಿನಲ್ಲೇ ಉಳಿದುಬಿಡುತ್ತವೆ. ಸಾರಿಗೆ ಅದು ಒಳ್ಳೆಯದೇ, ಕಡಲ ಮೀನಿಗೆ ಸಾಲದು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಮುದ್ರ ಉಪ್ಪಿನ ಮಿಶ್ರಣವನ್ನೇ ಬಳಸಿ. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ 30 ಲೀಟರಿಗೆ ಒಂದು ಕಿಲೋ ಚಿಲ್ಲರೆ ಬೇಕು. ಹಿಂದಿನ ದಿನವೇ ಕಲಸಿಟ್ಟು, ಹಳೆಯ ನೀರಿನ ಉಪ್ಪಿನಂಶಕ್ಕೆ ಹೊಂದಿದೆಯೇ ಎಂದು ಹೈಡ್ರೋಮೀಟರ್‌ನಲ್ಲಿ ಅಳೆದು ನೋಡಿ.

ಬೋರ್ ನೀರು ಬೇಡ. ಮಂಡ್ಯ ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ಗಡಸು, ಕೆಲವೆಡೆ ನೈಟ್ರೇಟ್ ಕೂಡ ಹೆಚ್ಚು. ಗದ್ದೆಗೆ ಹಾಕಿದ ಯೂರಿಯಾದ ಒಂದು ಪಾಲು ಕೊನೆಗೆ ಇಳಿಯುವುದು ಅಲ್ಲಿಗೇ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದಿಂದ ಎರಡು ಕ್ಯಾನ್ ಆರ್‌ಒ ನೀರು ತಂದರೆ ಕೆಲಸವಾಯಿತು.

ಮೀನಿಗೆ ಹೊರಡುವ ಹಿಂದಿನ ದಿನದಿಂದ ಆಹಾರ ಹಾಕಬೇಡಿ. ಒಂದೊಂದು ಮೀನಿಗೆ ಒಂದೊಂದು ಚೀಲ ಇರಲಿ, ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ. ಚೀಲಗಳನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ ಬಿಸಿಲಿಗೆ ನೀರು ಕಾಯುವುದಿಲ್ಲ. ಸಾಮಾನಿನ ಲಾರಿಗೆ ಹಾಕದೆ ನಿಮ್ಮ ಜೊತೆಗೇ ಇಟ್ಟುಕೊಳ್ಳಿ.

ತಲುಪಿದ ಮೇಲೆ ಹಲವರು ಮಾಡುವ ತಪ್ಪೊಂದಿದೆ. ಚೀಲ ಬಿಚ್ಚಿ, ಅದಕ್ಕೆ ತೊಟ್ಟಿಯ ನೀರನ್ನು ಹನಿಹನಿಯಾಗಿ ತಾಸುಗಟ್ಟಲೆ ಸೇರಿಸುತ್ತಾರೆ. ಮುಚ್ಚಿದ ಚೀಲದಲ್ಲಿ ಮೀನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ. ಆಗ ಅಮೋನಿಯಾದ ವಿಷವೂ ಕಡಿಮೆ. ಚೀಲ ಬಿಚ್ಚಿದೊಡನೆ ಆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಹಾಗಾಗಿ ಮೊದಲು ತೊಟ್ಟಿ ಸಿದ್ಧ ಮಾಡಿ. ಬಿಚ್ಚದ ಚೀಲವನ್ನು ಅದರಲ್ಲಿ 20 ನಿಮಿಷ ತೇಲಿಬಿಟ್ಟು ಬಿಸಿ ಸಮ ಮಾಡಿ, ಆಮೇಲೆ ಮೀನನ್ನಷ್ಟೇ ಒಳಗೆ ಬಿಡಿ. ಚೀಲದ ನೀರು ಚೆಲ್ಲಿ.

ಕರೆಂಟ್ ಹೋದಾಗ ನಡೆಯಲು ಬ್ಯಾಟರಿಯ ಏರ್ ಪಂಪ್ ಒಂದು ಕೈಯಲ್ಲಿರಲಿ, ಉಪ್ಪುನೀರಿನಲ್ಲಿ ಆಮ್ಲಜನಕ ಸಿಹಿನೀರಿಗಿಂತ ಕಡಿಮೆ ಕರಗುತ್ತದೆ. ಎರಡು ವಾರ ಆಹಾರ ಅರ್ಧ ಮಾಡಿ, ದಿನವೂ ಅಮೋನಿಯಾ ಟೆಸ್ಟ್ ಕಿಟ್‌ನಲ್ಲಿ ನೋಡಿ. ಬಣ್ಣ ಬದಲಾದರೆ ಮರುದಿನಕ್ಕೆ ಕಾಯದೆ ಕಾಲು ಭಾಗ ನೀರು ಬದಲಿಸಿ. ಸರಿಯಾಗಿ ನೋಡಿಕೊಂಡರೆ ಕ್ಲೌನ್ ಮೀನು ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ.

ಅಂದಹಾಗೆ, ಹೊಸ ಮನೆಗೆಂದು ಜೀವಂತ ಹವಳ ಅಥವಾ ಕಡಲಕುದುರೆ ತರುವ ಆಸೆ ಇದ್ದರೆ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವು ರಕ್ಷಿತ ಜೀವಿಗಳು, ಹಿಡಿಯುವುದೂ ಮಾರುವುದೂ ಅಪರಾಧ. ಕ್ಲೌನ್ ಮೀನಿಗೆ ಆ ತೊಂದರೆ ಇಲ್ಲ. ಅದನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ, ಕೊಳ್ಳುವಾಗ ಹಾಗೆ ಸಾಕಿದ ಮರಿಗಳನ್ನೇ ಕೇಳಿ.