ಕಾವಲಿನಲ್ಲಿ ಹೆಲಿಕಾಪ್ಟರ್: ಕಾಳೆಷ್ಟು, ಜೊಳ್ಳೆಷ್ಟು

ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ, 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. ಅದನ್ನು ಹೊಗಳುವವರಲ್ಲಿ ನಮ್ಮ ಬಳಗದವರೇ ಜಾಸ್ತಿ. ಹಳೆಯದನ್ನು ಉಳಿಸಿಕೊಳ್ಳಬೇಕು, ಸರ್ಕಾರ ಕೈ ಬಿಗಿಹಿಡಿದು ಖರ್ಚು ಮಾಡಬೇಕು ಅನ್ನುವ ಬಳಗ ನಮ್ಮದು. ಆದರೆ ಹೊಗಳಿಕೆ, ತೆಗಳಿಕೆ ಎರಡರಲ್ಲೂ ಜೊಳ್ಳು ಬೆರೆತಿದೆ. ಒಮ್ಮೆ ಮೊರಕ್ಕೆ ಹಾಕಿ ಕೇರೋಣ.

ತಪ್ಪು ಕಲ್ಪನೆ: ಪಾಳು ಬಿದ್ದಿದ್ದ ಜಮೀನಿಗೆ ಬೆಲೆ ಬಂತು.

ವಾಸ್ತವ: ಹಳೇ ಮೈಸೂರು ಸೀಮೆಯಲ್ಲಿ ಕಾವಲ್ ಅಂದರೆ ಪಾಳಲ್ಲ, ಕಾದಿಟ್ಟ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದ ದನಗಳ ಇಲಾಖೆ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ದನಗಳು ಮೇಯಲೆಂದು ಸೀಮೆಯುದ್ದಕ್ಕೂ ಇಂಥ ಕಾವಲುಗಳನ್ನು ಮೀಸಲಿಟ್ಟಿದ್ದರು. ಅದೇ ತಳಿಯ ಎತ್ತುಗಳು ಸೈನ್ಯದ ಫಿರಂಗಿ ಎಳೆದವು. ಹಾಗೆ ನೋಡಿದರೆ ಕಾವಲಿಗೂ ದೇಶ ಕಾಯುವ ಕೆಲಸಕ್ಕೂ ನಂಟು ಇವತ್ತಿನದಲ್ಲ. ಮರವಿಲ್ಲ, ಬೆಳೆಯಿಲ್ಲ, ಆದ್ದರಿಂದ ಪಾಳು ಅನ್ನುವುದು ಕಚೇರಿಯ ಕಣ್ಣು, ಕುರಿ ಮೇಯಿಸುವವನದ್ದಲ್ಲ. ಕಾರ್ಖಾನೆ ಬೇಡವಿತ್ತು ಅಂತ ನಾನು ಹೇಳುತ್ತಿಲ್ಲ. ಬಂದದ್ದನ್ನು ಬರೆದಿಟ್ಟ ಪುಸ್ತಕದಲ್ಲೇ ಹೋದದ್ದನ್ನೂ ಬರೆಯಿರಿ ಅಂತಷ್ಟೇ. ಸಂಪ್ರದಾಯವಾದಿ ಅಂತ ಹೇಳಿಕೊಂಡು ಗೋಮಾಳ ಮರೆತರೆ ಆ ಹೆಸರು ಯಾಕೆ?

ತಪ್ಪು ಕಲ್ಪನೆ: ಇದು ಒಂದೇ ಸರ್ಕಾರದ ಸಾಧನೆ.

ವಾಸ್ತವ: ಶಂಕುಸ್ಥಾಪನೆ 2016ರ ಜನವರಿ 3ರಂದು, ಉದ್ಘಾಟನೆ 2023ರ ಫೆಬ್ರುವರಿ 6ರಂದು, ಎರಡಕ್ಕೂ ಬಂದವರು ಪ್ರಧಾನಿ ಮೋದಿ. ಆ ಪಾಲು ಅವರದ್ದೇ, ಕೊಡೋಣ. ಆದರೆ ಎಚ್‌ಎಎಲ್‌ನ ಬೇರು 1940ರಲ್ಲಿದೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುಮಾಡಿದರು. ಖಾಸಗಿ ಧೈರ್ಯ, ರಾಜರ ದುಡ್ಡು ಎರಡೂ ಅದರಲ್ಲಿತ್ತು.

ತಪ್ಪು ಕಲ್ಪನೆ: ಸರ್ಕಾರಿ ಕಂಪನಿ ಅಂದರೆ ನಷ್ಟವೇ.

ವಾಸ್ತವ: ನಮ್ಮವರ ಬಾಯಲ್ಲಿ ಸದಾ ಇರುವ ಮಾತು. ತುಮಕೂರಿನವರಿಗೆ ಅದಕ್ಕೆ ಸಾಕ್ಷಿಯೂ ಇದೆ: ಎಚ್‌ಎಂಟಿ ಗಡಿಯಾರ ಕಾರ್ಖಾನೆ. ಮದುವೆಯಲ್ಲಿ ಅಳಿಯನ ಕೈಗೆ ಕಟ್ಟುತ್ತಿದ್ದ ಆ ವಾಚು ಕ್ವಾರ್ಟ್ಜ್ ಕಾಲಕ್ಕೆ ಹೆಜ್ಜೆ ಹಾಕಲಾರದೆ ಸೋತಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದೂ 2016ರ ಜನವರಿಯಲ್ಲೇ. ಒಂದೇ ತಿಂಗಳು, ಒಂದೇ ಜಿಲ್ಲೆ, ಒಂದು ಬಾಗಿಲಿಗೆ ಬೀಗ, ಇನ್ನೊಂದಕ್ಕೆ ಗುದ್ದಲಿ ಪೂಜೆ.

ಎಚ್‌ಎಎಲ್ ಮಾತ್ರ 2023–24ರಲ್ಲಿ 7,600 ಕೋಟಿ ರೂಪಾಯಿಗೂ ಮಿಕ್ಕಿ ಲಾಭ ಮಾಡಿತು. ಹಾಗಂತ ಸಾರ್ವಜನಿಕ ವಲಯ ಗೆದ್ದಿತು ಅಂತ ಕುಣಿಯುವವರೂ ನಿಲ್ಲಬೇಕು. ವಾಚು ಕೊಳ್ಳುವವನಿಗೆ ಪಕ್ಕದ ಅಂಗಡಿ ಇತ್ತು. ಎಚ್‌ಎಎಲ್‌ಗೆ ದೊಡ್ಡ ಗಿರಾಕಿ ಒಬ್ಬನೇ, ಸರ್ಕಾರ. 2025ರ ಮಾರ್ಚ್‌ನಲ್ಲಿ 156 ‘ಪ್ರಚಂಡ್’ ಹೆಲಿಕಾಪ್ಟರ್‌ಗಳಿಗೆ 62,700 ಕೋಟಿಯ ಒಪ್ಪಂದ ಬಂದದ್ದೂ ಅಲ್ಲಿಂದಲೇ. ಮನೆಯವರೇ ಗಿರಾಕಿಯಾದ ಅಂಗಡಿಯ ಲಾಭ ನೋಡಿ ವ್ಯಾಪಾರದ ಜಾಣತನ ಅಳೆಯಲಾಗದು. ಅಲ್ಲಿ ಕೇಳಬೇಕಾದ್ದು ಬೇರೆ: ಹೇಳಿದ ದಿನಕ್ಕೆ ಸರಕು ಕೊಟ್ಟರೇ?

ತಪ್ಪು ಕಲ್ಪನೆ: ಎಚ್‌ಎಎಲ್ ಷೇರು ಏರಿತು, ಅಂದರೆ ಜನ ಮೊದಲಿಂದಲೂ ನಂಬಿದ್ದರು.

ವಾಸ್ತವ: 2018ರ ಮಾರ್ಚ್‌ನಲ್ಲಿ 1,215ರಿಂದ 1,240 ರೂಪಾಯಿಗೆ ಷೇರು ಮಾರಾಟಕ್ಕಿಟ್ಟಾಗ ಅದು ಪೂರ್ತಿ ಬಿಕರಿಯಾಗಲೇ ಇಲ್ಲ, ಅಂಚಿನಲ್ಲಿ ನಿಂತಿತು. ಇವತ್ತು ಬುದ್ಧಿ ಹೇಳುವ ಚಾನೆಲ್ ಪಂಡಿತರು ಅಂದು ಎಲ್ಲಿದ್ದರೋ.

ತಪ್ಪು ಕಲ್ಪನೆ: ಸ್ವದೇಶಿ ಅಂದರೆ ಬೋಲ್ಟೂ ನಮ್ಮದೇ.

ವಾಸ್ತವ: ಇಲ್ಲಿ ಮೊದಲು ಕೈಗೆತ್ತಿಕೊಂಡ ಹಗುರ ಹೆಲಿಕಾಪ್ಟರ್‌ನ ವಿನ್ಯಾಸ ಎಚ್‌ಎಎಲ್‌ನದೇ. ಎಂಜಿನ್ ‘ಶಕ್ತಿ’ ಕುಟುಂಬದ್ದು, ಫ್ರಾನ್ಸ್‌ನ ಕಂಪನಿಯ ಜೊತೆ ಕೂಡಿ ಮಾಡಿದ್ದು. ನಾಚಿಕೆ ಪಡಬೇಕಿಲ್ಲ, ಮುಚ್ಚಿಡಲೂಬೇಕಿಲ್ಲ. ರಷ್ಯಾದ 200 ಕಮೋವ್ ಹೆಲಿಕಾಪ್ಟರ್‌ಗಳ ಬಗ್ಗೆ 2015ರಲ್ಲಿ ಎರಡು ಸರ್ಕಾರಗಳು ಒಪ್ಪಂದ ಮಾಡಿಕೊಂಡಾಗ ತುಮಕೂರಿನ ಹೆಸರು ಎಷ್ಟು ಜೋರಾಗಿ ಕೇಳಿತ್ತು! ಆ ಮಾತು ಕಾಗದ ದಾಟಿ ಬರಲಿಲ್ಲ.

ತಪ್ಪು ಕಲ್ಪನೆ: ಸುತ್ತಲಿನ ಹಳ್ಳಿಯ ಮನೆಮನೆಗೂ ಕೆಲಸ.

ವಾಸ್ತವ: ಉದ್ಘಾಟನೆಯ ಹೊತ್ತಿಗೆ ಹೇಳಿದ ಲೆಕ್ಕ, ನೇರವಾಗಿಯೂ ಪರೋಕ್ಷವಾಗಿಯೂ ಸುಮಾರು 6,000 ಕುಟುಂಬಗಳಿಗೆ ಆಸರೆ. ಅದರಲ್ಲಿ ‘ಪರೋಕ್ಷ’ ಅನ್ನುವ ಪದವನ್ನು ಭಾಷಣ ಕೇಳುವಾಗ ಯಾರೂ ಗಮನಿಸುವುದಿಲ್ಲ. ಮೊದಲ ಹಂತದಲ್ಲಿ ವರ್ಷಕ್ಕೆ 30 ಹೆಲಿಕಾಪ್ಟರ್, ಮುಂದೆ 60, ಆಮೇಲೆ 90 ಅನ್ನುವುದು ಗುರಿ. ಇದು ಸಾವಿರಾರು ಕೈಗಳು ಸಾಲಾಗಿ ಕೂತು ಮಾಡುವ ಕೆಲಸವಲ್ಲ. ಅಲ್ಲಿ ಬೇಕಾದವರು ಫಿಟ್ಟರ್, ಎಲೆಕ್ಟ್ರೀಷಿಯನ್, ಸಿಎನ್‌ಸಿ ಯಂತ್ರ ನಡೆಸಬಲ್ಲವರು. ಗುಬ್ಬಿಯ ಹುಡುಗ ಆ ಗೇಟಿನೊಳಗೆ ಟೂಲ್ ಬಾಕ್ಸ್ ಹಿಡಿದು ಹೋಗುತ್ತಾನೋ, ಸೆಕ್ಯುರಿಟಿ ಸಮವಸ್ತ್ರ ತೊಟ್ಟು ಹೊರಗೇ ನಿಲ್ಲುತ್ತಾನೋ ಅನ್ನುವುದು ಐಟಿಐ ತರಗತಿಯಲ್ಲಿ ತೀರ್ಮಾನವಾಗುತ್ತದೆ. ಆ ತರಗತಿಯ ಲೇತ್ ಯಂತ್ರ ತಿರುಗುತ್ತಿದೆಯೇ ಅಂತ ಒಮ್ಮೆ ಹೋಗಿ ನೋಡಿ ಬನ್ನಿ.