ಹಂಚು ಇಳಿಸುವ ಮುನ್ನ ಮೋಡ ನೋಡಬೇಕು

‘ಸರ್ವರ್ ಡೌನ್ ಇದೆ, ನಾಳೆ ಬನ್ನಿ.’

ಪಹಣಿಗೋ, ಜಾತಿ ಪ್ರಮಾಣಪತ್ರಕ್ಕೋ, ವಿದ್ಯಾರ್ಥಿವೇತನದ ಅರ್ಜಿಗೋ ಸಾಲಿನಲ್ಲಿ ನಿಂತವರೆಲ್ಲ ಒಮ್ಮೆಯಾದರೂ ಕೇಳಿರುವ ಮಾತಿದು. ಕೆಲಸ ಬಿಟ್ಟು ಸನವಳ್ಳಿಯಿಂದ ಮುಂಡಗೋಡಕ್ಕೆ ಬಂದ ತಂದೆಗೆ ಈ ಮಾತಿನ ಅರ್ಥ ಒಂದು ದಿನದ ಕೂಲಿ ಹೋಯಿತು ಎಂದು. ಅರ್ಜಿ ಸಲ್ಲಿಸಲು ನಾಳೆಯೇ ಕೊನೆಯ ದಿನವಾಗಿದ್ದರೆ ಜೊತೆಗೆ ಬಂದ ಮಗಳ ಒಂದು ವರ್ಷವೇ ಹೋಗಬಹುದು.

ಎಲ್ಲೋ ದೂರದಲ್ಲಿ ಕುಳಿತು ನಮ್ಮ ಲೆಕ್ಕಪತ್ರಗಳನ್ನು ಕಾಯುವ ಈ ಸರ್ವರ್ ಎಂಬ ಗಣಕಯಂತ್ರ ಕೆಲವೊಮ್ಮೆ ಕೆಟ್ಟು ನಿಲ್ಲುತ್ತದೆ. ಇನ್ನು ಕೆಲವೊಮ್ಮೆ ಅದನ್ನು ಬೇಕೆಂದೇ ನಿಲ್ಲಿಸುತ್ತಾರೆ. ಹಳೆಯ ಕಾರ್ಯಾಚರಣೆ ವ್ಯವಸ್ಥೆಯನ್ನು ತೆಗೆದು ಅದರ ಹೊಸ ಆವೃತ್ತಿಯನ್ನು ಕೂರಿಸುವುದು ಅಂಥ ಒಂದು ಕೆಲಸ. ಮಲೆನಾಡಿನ ಸೆರಗಿನವರಿಗೆ ಇದನ್ನು ವಿವರಿಸುವುದು ಕಷ್ಟವೇನಲ್ಲ. ಮಳೆಗಾಲಕ್ಕೆ ಮೊದಲು ಮನೆಯ ಹಂಚು ಇಳಿಸಿ, ಒಡೆದದ್ದನ್ನು ಬದಲಿಸಿ, ಮತ್ತೆ ಹೊದಿಸುತ್ತೇವಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಮನೆಯೊಳಗೆ ಜನರಿದ್ದಾರೆ, ಸಾಮಾನಿದೆ, ಮೇಲೆ ಮೋಡವೂ ಇದೆ.

ನಡೆಯುತ್ತಿರುವುದನ್ನು ಮುಟ್ಟುವುದೇಕೆ?

ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದರ ಜನಕರು. ಅದೇ ಜಾಡಿನಲ್ಲಿ 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆದ. ಇಂದು ಜಗತ್ತಿನ ಸರ್ವರ್‌ಗಳಲ್ಲಿ ಬಹುಪಾಲು ಈ ವಂಶದವೇ.

ಈ ವ್ಯವಸ್ಥೆಗಳಿಗೂ ಆಯುಸ್ಸು ಇದೆ. ಉದಾಹರಣೆಗೆ, ಬಹಳಷ್ಟು ಸರ್ವರ್‌ಗಳಲ್ಲಿದ್ದ ಸೆಂಟ್‌ಓಎಸ್ 7 ಎಂಬ ಲಿನಕ್ಸ್‌ಗೆ ಅದರ ತಯಾರಕರ ತಿದ್ದುಪಡಿಗಳು 2024ರ ಜೂನ್ 30ಕ್ಕೆ ನಿಂತುಹೋದವು. ಅದಾದ ಮೇಲೆ ಕಂಡುಬಂದ ತೂತುಗಳನ್ನು ಅವರು ಮುಚ್ಚುವುದಿಲ್ಲ. ಕಳ್ಳರಿಗೆ ಆ ತೂತುಗಳು ಗೊತ್ತಿರುತ್ತವೆ.

ಇನ್ನೊಂದು ಕಾರಣ ಇಂದಿನ ವಿದ್ಯಾರ್ಥಿಗಳ ಕಾಲದಲ್ಲೇ ಬಂದು ನಿಲ್ಲಲಿದೆ. ಯುನಿಕ್ಸ್ ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತದೆ. ಹಳೆಯ ವ್ಯವಸ್ಥೆಗಳಲ್ಲಿ ಈ ಎಣಿಕೆಗೆ ಇದ್ದದ್ದು 32 ಬಿಟ್‌ಗಳ ಜಾಗ. 2038ರ ಜನವರಿ 19ರಂದು, ನಮ್ಮ ಗಡಿಯಾರದ ಪ್ರಕಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಜಾಗ ತುಂಬುತ್ತದೆ. ಮರುಕ್ಷಣ ಅಂಥ ಯಂತ್ರ 1901ರ ಡಿಸೆಂಬರ್‌ಗೆ ಹಾರುತ್ತದೆ! ಹದಿನೈದು-ಇಪ್ಪತ್ತು ವರ್ಷದ ಸಾಲದ ಕಂತನ್ನು ಲೆಕ್ಕ ಹಾಕುವ ಗಣಕ ಈಗಲೇ ಆ ದಿನವನ್ನು ದಾಟಿ ನೋಡಬೇಕಾಗಿದೆ. 64 ಬಿಟ್‌ಗಳ ಹೊಸ ವ್ಯವಸ್ಥೆಗಳಿಗೆ ಈ ತೊಂದರೆ ಇಲ್ಲ. ಆದರೆ ವ್ಯವಸ್ಥೆಯನ್ನು ಬದಲಿಸಿದರಷ್ಟೇ ಸಾಲದು, ಅದರ ಮೇಲೆ ಓಡುವ ಹಳೆಯ ತಂತ್ರಾಂಶಗಳನ್ನೂ ಪರೀಕ್ಷಿಸಬೇಕು.

ಪ್ರತಿ ಇದ್ದರೆ ಸಾಕೇ?

ಬದಲಾವಣೆಯ ಮೊದಲ ಪಾಠ ಎಲ್ಲರಿಗೂ ಗೊತ್ತು: ಇರುವುದರ ಪ್ರತಿ ತೆಗೆದಿಡು. ಎರಡನೆಯ ಪಾಠವನ್ನು ಮರೆಯುವವರೇ ಹೆಚ್ಚು: ಆ ಪ್ರತಿಯಿಂದ ಎಲ್ಲವನ್ನೂ ಮರಳಿ ಕಟ್ಟಿ ನೋಡು.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ತಂತ್ರಾಂಶ ಸಂಸ್ಥೆಯಲ್ಲಿ ನಡೆದದ್ದನ್ನು ನೋಡಿ. ತಡರಾತ್ರಿ ದುರಸ್ತಿಯಲ್ಲಿ ತೊಡಗಿದ್ದ ಎಂಜಿನಿಯರ್ ಒಬ್ಬರು ಒಂದು ಯಂತ್ರದಲ್ಲಿ ಅಳಿಸಬೇಕಾದದ್ದನ್ನು ಇನ್ನೊಂದರಲ್ಲಿ ಅಳಿಸಿಬಿಟ್ಟರು. ಹೋದರೆ ಹೋಗಲಿ, ಪ್ರತಿ ಇದೆಯಲ್ಲ ಎಂದು ಹುಡುಕಿದರೆ, ಕಾಪಾಡಲೆಂದು ಮಾಡಿಕೊಂಡಿದ್ದ ಐದು ವ್ಯವಸ್ಥೆಗಳಲ್ಲಿ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಅದೃಷ್ಟಕ್ಕೆ ಸುಮಾರು ಆರು ಗಂಟೆ ಮೊದಲು ಒಬ್ಬರು ಬೇರೆ ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದು ಸಿಕ್ಕಿತು. ನಡುವಿನ ಆರು ಗಂಟೆಯ ದಾಖಲೆ ಹೋಯಿತು. ಸಂಸ್ಥೆ ಇದನ್ನು ಮುಚ್ಚಿಡದೆ ಲೋಕಕ್ಕೆಲ್ಲ ಹೇಳಿತು. ಹಾಗಾಗಿ ನಮಗೂ ಪಾಠವಾಯಿತು.

ಕೆಲಸದ ಕ್ರಮ

ಅನುಭವಸ್ಥರು ಮೊದಲು ಸರ್ವರ್‌ನ ತದ್ರೂಪವೊಂದನ್ನು ಬೇರೆ ಯಂತ್ರದಲ್ಲಿ ನಿರ್ಮಿಸಿ ಅಲ್ಲಿ ಅಭ್ಯಾಸ ಮಾಡುತ್ತಾರೆ. ಎಲ್ಲಿ ಎಡವಿದೆವು, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡುತ್ತಾರೆ. ನಿಜವಾದ ದಿನ ಆ ಪಟ್ಟಿಯನ್ನು ಮುಂದಿಟ್ಟುಕೊಂಡೇ ಕೂರುತ್ತಾರೆ.

ಮೆಟ್ಟಿಲು ಹಾರುವಂತಿಲ್ಲ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ 11ನೇ ಆವೃತ್ತಿಯಿಂದ 13ಕ್ಕೆ ಹೋಗಬೇಕಾದರೆ ನಡುವೆ 12ರಲ್ಲಿ ಕಾಲೂರಲೇಬೇಕು. ಪ್ರತಿ ಮೆಟ್ಟಿಲಲ್ಲೂ ಎಲ್ಲ ಸರಿಯಿದೆಯೇ ಎಂದು ನೋಡಿ ಮುಂದಿನದಕ್ಕೆ ಹೋಗಬೇಕು.

ಎಲ್ಲಕ್ಕಿಂತ ಮುಖ್ಯ, ಹಿಂದಿರುಗುವ ಗಳಿಗೆಯನ್ನು ಮೊದಲೇ ಗೊತ್ತುಮಾಡುವುದು. ರಾತ್ರಿ 10ಕ್ಕೆ ಶುರುವಾದ ಕೆಲಸ 3 ಗಂಟೆಯೊಳಗೆ ಸರಿಹೋಗದಿದ್ದರೆ ಹಳೆಯದನ್ನೇ ಎಬ್ಬಿಸುವುದೆಂದು ನಿಶ್ಚಯಿಸಿದ್ದರೆ, ಬೆಳಿಗ್ಗೆ ಬರುವವರಿಗೆ ಬಾಗಿಲು ತೆರೆದಿರುತ್ತದೆ. ‘ಇನ್ನರ್ಧ ಗಂಟೆ ನೋಡೋಣ’ ಎನ್ನುವುದೇ ಅಪಾಯ. ಇಲ್ಲೊಂದು ಸೂಕ್ಷ್ಮವಿದೆ. ಹೊಸ ಸರ್ವರ್ ಜನರಿಗೆ ತೆರೆದು ನಾಲ್ಕು ಅರ್ಜಿ ಬಂದಮೇಲೆ ಹಿಂದಿರುಗಿದರೆ ಆ ನಾಲ್ಕು ಅರ್ಜಿಗಳು ಹಳೆಯದರಲ್ಲಿ ಇರುವುದಿಲ್ಲ. ಆದ್ದರಿಂದ ತಪಾಸಣೆಯೆಲ್ಲ ಬಾಗಿಲು ತೆರೆಯುವ ಮೊದಲೇ ಮುಗಿಯಬೇಕು.

ಪಹಣಿ ಕಲಿಸಿದ ಪಾಠ

ಕರ್ನಾಟಕದ ರೈತರು ಇಂಥದೇ ಒಂದು ಸ್ಥಳಾಂತರವನ್ನು ಕಣ್ಣಾರೆ ಕಂಡಿದ್ದಾರೆ. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕೈಬರಹದ ಪುಸ್ತಕದಿಂದ ಗಣಕಕ್ಕೆ ಬಂದವು. ಅದು ಯಂತ್ರದಿಂದ ಯಂತ್ರಕ್ಕಲ್ಲ, ಕಾಗದದಿಂದ ಯಂತ್ರಕ್ಕೆ ಆದ ಪಯಣ. ನೀತಿ ಮಾತ್ರ ಒಂದೇ. ಗಣಕಕ್ಕೆ ಸೇರಿಸಿದ್ದನ್ನು ಮುದ್ರಿಸಿ ಗ್ರಾಮಲೆಕ್ಕಿಗರು ಮೂಲದೊಂದಿಗೆ ತಾಳೆ ನೋಡಿದರು. ಕೈಬರಹದ ಪಹಣಿಯನ್ನು ಎಲ್ಲ ಕಡೆ ಒಂದೇ ದಿನ ನಿಲ್ಲಿಸಲಿಲ್ಲ. ತಾಲ್ಲೂಕು ತಾಲ್ಲೂಕಾಗಿ, ಹೊಸದು ಸಿದ್ಧವಾದ ಮೇಲೆ ಹಳೆಯದು ನಿಂತಿತು. ಒಂದು ಅಕ್ಷರ ತಪ್ಪಿದರೂ ರೈತನಿಗೆ ಸಾಲ ಸಿಗದು ಎಂಬುದು ಇಲ್ಲಿ ತಂತ್ರಜ್ಞಾನದಷ್ಟೇ ದೊಡ್ಡ ಸಂಗತಿ.

ಮನೆಯಲ್ಲೇ ಕಲಿಯಬಹುದು

ವಿದ್ಯಾರ್ಥಿಗಳೇ, ಇದನ್ನು ಕಲಿಯಲು ದುಬಾರಿ ಯಂತ್ರ ಬೇಕಿಲ್ಲ. ಲಿನಕ್ಸ್ ಉಚಿತ. ವರ್ಚುವಲ್‌ಬಾಕ್ಸ್‌ನಂಥ ಉಚಿತ ತಂತ್ರಾಂಶದಿಂದ ಒಂದು ಗಣಕದೊಳಗೇ ಇನ್ನೊಂದು ಗಣಕವನ್ನು ಕಟ್ಟಬಹುದು. ಅದರಲ್ಲಿ ಹಳೆಯ ಆವೃತ್ತಿ ಕೂರಿಸಿ, ನಾಲ್ಕು ಕಡತ ಬರೆದು, ಹೊಸದಕ್ಕೆ ಏರಿಸಿ ನೋಡಿ. ಕೆಟ್ಟರೆ ಅಳಿಸಿ ಮತ್ತೆ ಮಾಡಿ. ಕೆಟ್ಟದ್ದನ್ನು ಮೊದಲಿನಂತೆ ಮಾಡಲು ಬಂದ ದಿನ ನೀವು ಅರ್ಧ ಕಲಿತಂತೆ.

ತಂದೆ ತಾಯಿಯರಿಗೂ ಒಂದು ಮಾತು. ಮಕ್ಕಳು ‘ಗಣಕ ಕೆಡಿಸಿಬಿಟ್ಟೆ’ ಎಂದು ಬಂದರೆ ಬೈಯುವ ಮೊದಲು, ‘ಪ್ರತಿ ಇಟ್ಟಿದ್ದೆಯಾ?’ ಎಂದು ಕೇಳಿ. ಮುಂದೊಂದು ದಿನ ಊರಿನವರ ಪಹಣಿ, ಅಂಕಪಟ್ಟಿ, ಪಿಂಚಣಿಯೆಲ್ಲ ಆ ಮಗುವಿನ ಕೈಯಲ್ಲಿರಬಹುದು. ಹಂಚು ಇಳಿಸುವ ಮುನ್ನ ಮೋಡ ನೋಡುವ, ಪಕ್ಕದಲ್ಲೊಂದು ತಾಡಪಾಲು ಇಟ್ಟುಕೊಳ್ಳುವ ಬುದ್ಧಿ ಮನೆಯಲ್ಲೇ ಬರಬೇಕು.